ಮಳೆ, ಗುಳೆ, ಗಲಾಟೆ: ಮೂರನ್ನೂ ಒಂದೇ ದಾರದಲ್ಲಿ ಪೋಣಿಸುವ ಮುಂಚೆ ಏನೇನು ನೋಡಬೇಕು?

2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ಇದು ನೆನಪಿರುತ್ತದೆ. ಸ್ವಾತಂತ್ರ್ಯ ದಿನದ ಆಚೀಚೆ ಸಿಟಿ ರೈಲ್ವೆ ಸ್ಟೇಷನ್‌ನಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸೆಕ್ಯುರಿಟಿ ಗಾರ್ಡ್‌ಗಳು, ಹೋಟೆಲ್ ಕೆಲಸದವರು, ಪಾರ್ಲರ್ ಹುಡುಗಿಯರು, ಕಾಲೇಜು ಮಕ್ಕಳು, ಹೀಗೆ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬ್ಯಾಗ್ ಹಿಡಿದು ಗುವಾಹಟಿ ರೈಲಿಗೆ ಕಾಯುತ್ತಿದ್ದರು. ರಂಜಾನ್ ಮುಗಿದ ಮೇಲೆ ನಿಮ್ಮ ಮೇಲೆ ದಾಳಿ ಆಗುತ್ತದೆ ಅಂತ ಎಸ್ಸೆಮ್ಮೆಸ್‌ಗಳು ಓಡಾಡಿದ್ದವು. ರೈಲ್ವೆಯವರು ಸ್ಪೆಷಲ್ ಟ್ರೈನ್ ಬಿಟ್ಟರು. ಐದಕ್ಕಿಂತ ಜಾಸ್ತಿ ಜನಕ್ಕೆ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸದ ಹಾಗೆ ಕೇಂದ್ರ ಸರ್ಕಾರ 15 ದಿನ ಕಡಿವಾಣ ಹಾಕಿತು.

ಇದರ ಬೇರು ಅಸ್ಸಾಂನ ಕೊಕ್ರಝಾರ್‌ನಲ್ಲಿತ್ತು. ಅದೇ ಜುಲೈನಲ್ಲಿ ಅಲ್ಲಿ ಬೋಡೋ ಬುಡಕಟ್ಟಿನ ಜನರಿಗೂ ಬಂಗಾಳಿ ಮಾತಾಡುವ ಮುಸ್ಲಿಮರಿಗೂ ಹೊಡೆದಾಟ ಆಗಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು: ಪ್ರವಾಹ ಬಂತು, ಜನ ವಲಸೆ ಬಂದರು, ಜಗಳ ಆಯಿತು. ಇತ್ತೀಚೆಗೆ ಈ ಥರದ ಸಾಲು ಎಲ್ಲೆಲ್ಲೂ ಕಾಣುತ್ತದೆ. ಸಿರಿಯಾ, ಸುಡಾನ್, ನೈಜೀರಿಯಾ, ಊರಿನ ಹೆಸರಷ್ಟೇ ಬೇರೆ. ಪೂರ್ತಿ ಸುಳ್ಳು ಅಂತ ತಳ್ಳಿ ಹಾಕುವ ಹಾಗೂ ಇಲ್ಲ. ನಂಬಿಕೊಂಡರೂ ಕಷ್ಟ, ಯಾಕೆಂದರೆ ಮಧ್ಯದಲ್ಲಿ ನಡೆದದ್ದೆಲ್ಲ ಅದರಲ್ಲಿ ಮಾಯ ಆಗಿರುತ್ತದೆ. ಇಂಥ ಸುದ್ದಿ, ಭಾಷಣ, ಫಾರ್ವರ್ಡ್ ಕೈಗೆ ಬಂದಾಗ ಬಿಚ್ಚಿ ನೋಡುವುದು ಹೇಗೆ ಅಂತ ನಾನು ಮಾಡುವ ಕ್ರಮ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಹಾಳೆ, ಒಂದು ಪೆನ್ನು

ಮೂರು ಪದ ಬರೆಯಿರಿ. ಮಳೆ, ಗುಳೆ, ಗಲಾಟೆ. ಮಧ್ಯೆ ಎರಡು ಬಾಣ ಹಾಕಿ. ಮಳೆ ಕೈಕೊಟ್ಟದ್ದರಿಂದಲೇ ಜನ ಊರು ಬಿಟ್ಟರಾ ಅನ್ನುವುದು ಮೊದಲ ಬಾಣ. ಊರು ಬಿಟ್ಟು ಬಂದವರಿಂದಲೇ ಗಲಾಟೆ ಆಯಿತಾ ಅನ್ನುವುದು ಎರಡನೆಯದು. ಸಾಮಾನ್ಯವಾಗಿ ಮೊದಲ ಬಾಣಕ್ಕೆ ಸಾಕ್ಷಿ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ಆದರೆ ಮೊದಲನೆಯದು ನಿಜ ಅಂತ ಗೊತ್ತಾದ ಕೂಡಲೇ ಓದುವವರು ಎರಡನೆಯದನ್ನೂ ನಂಬಿಬಿಡುತ್ತಾರೆ. ನಾನೂ ಹಾಗೆ ನಂಬಿದ್ದವನೇ. ಎರಡೂ ಬಾಣಗಳ ಮೇಲೆ ಜಾಗ ಬಿಟ್ಟಿರಿ. ಅಲ್ಲಿ ಜನರ ಹೆಸರು, ಇಲಾಖೆಗಳ ಹೆಸರು ಬರೆಯುವುದಿದೆ.

ತಾರೀಖು ನೋಡಿ

ಇದು ಅತಿ ಸುಲಭದ ಕೆಲಸ, ಆದರೂ ಯಾರೂ ಮಾಡುವುದಿಲ್ಲ. ಸುಡಾನ್‌ನ ದಾರ್ಫುರ್ ತಗೊಳ್ಳಿ. 2007ರ ಜೂನ್‌ನಲ್ಲಿ, ಆಗ ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಬಾನ್ ಕಿ ಮೂನ್ ಅವರೇ ಅಲ್ಲಿನ ಕಗ್ಗೊಲೆಯ ಹಿಂದೆ ಹವಾಮಾನ ಬದಲಾವಣೆಯ ಕೈವಾಡ ಇದೆ ಅನ್ನುವ ಅರ್ಥದಲ್ಲಿ ಪತ್ರಿಕೆಗೆ ಬರೆದರು. ಅಲ್ಲಿಂದ ಆ ಮಾತು ಎಲ್ಲ ಕಡೆ ಹಬ್ಬಿತು. ಆದರೆ ದಾರ್ಫುರ್‌ನಲ್ಲಿ ಮಳೆಯ ಪ್ರಮಾಣ ಕುಸಿದದ್ದು 1970ರ ದಶಕದ ಆರಂಭದಲ್ಲಿ. ದೊಡ್ಡ ಕ್ಷಾಮ ಬಂದದ್ದು 1984ರ ಸುಮಾರಿಗೆ. ಯುದ್ಧ ಶುರುವಾದದ್ದು 2003ರಲ್ಲಿ, ಅಷ್ಟು ಹೊತ್ತಿಗೆ ಮಳೆ ಸ್ವಲ್ಪ ಚೇತರಿಸಿಕೊಂಡಿತ್ತು. ಮಧ್ಯದ ವರ್ಷಗಳಲ್ಲಿ ಏನಾಯಿತು? ದನಗಾಹಿಗಳಿಗೂ ಬೇಸಾಯದವರಿಗೂ ಮೇವಿನ ದಾರಿಯ ಬಗ್ಗೆ ತಕರಾರು ಬಂದಾಗ ಕೂತು ಬಗೆಹರಿಸುತ್ತಿದ್ದ ಬುಡಕಟ್ಟು ಮುಖಂಡರ ವ್ಯವಸ್ಥೆಯನ್ನು 1971ರಲ್ಲಿ ಸರ್ಕಾರವೇ ರದ್ದು ಮಾಡಿತ್ತು. ನಮ್ಮಲ್ಲಿ ಊರ ಹಿರಿಯರ ಪಂಚಾಯ್ತಿಯನ್ನು ಕಿತ್ತು ಹಾಕಿ, ಬದಲಿಗೆ ಗಟ್ಟಿಯಾದದ್ದೇನೂ ಕೊಡದೆ ಹೋದ ಹಾಗೆ. ಆಮೇಲೆ ಬಂದ ಇನ್ನೊಂದು ಸರ್ಕಾರ ಜಂಜವೀದ್ ಅನ್ನುವ ಖಾಸಗಿ ಪಡೆಗಳ ಕೈಗೆ ಬಂದೂಕು ಕೊಟ್ಟಿತು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2009ರಲ್ಲಿ ವಾರಂಟ್ ಹೊರಡಿಸಿದ್ದು ಅಧ್ಯಕ್ಷ ಒಮರ್ ಅಲ್ ಬಶೀರ್ ಮೇಲೆ. ಮಳೆಯ ಮೇಲೆ ಅಲ್ಲ.

ಆಫ್ರಿಕಾದ ಚಾಡ್ ಸರೋವರದ ಫೋಟೋಗಳಿಗೂ ಇದೇ ಪರೀಕ್ಷೆ ಮಾಡಿ. 1963ರ ಫೋಟೋ ಪಕ್ಕ ಇನ್ನೊಂದು ಇಟ್ಟು, ಕೆರೆ ಒಣಗಿತು, ಅದಕ್ಕೇ ನೈಜೀರಿಯಾದ ಉಗ್ರರ ಗುಂಪು ಬೋಕೊ ಹರಾಮ್ ಹುಟ್ಟಿತು ಅನ್ನುತ್ತಾರೆ. ಸರೋವರ ಕುಗ್ಗಿದ್ದು ನಿಜ, ಆದರೆ ಅದು ಬಹುಪಾಲು 1980ರ ದಶಕದೊಳಗೇ ಆಗಿಹೋಗಿತ್ತು. 1990ರ ದಶಕದಿಂದ ಅದು ಮತ್ತೆ ಕುಗ್ಗಿಲ್ಲ, ಸ್ವಲ್ಪ ಹಿಗ್ಗಿದೆ ಕೂಡ. ಬೋಕೊ ಹರಾಮ್ ಬಂದೂಕು ಎತ್ತಿದ್ದು 2009ರಲ್ಲಿ.

ಯಾರು ಹೋದರು, ಎಲ್ಲಿಗೆ ಹೋದರು, ಯಾರು ಹೋಗಲಿಲ್ಲ

ವಲಸೆ ಅಂದ ಕೂಡಲೇ ಗಡಿ, ಮುಳ್ಳುತಂತಿ, ದೋಣಿ ಕಣ್ಣಿಗೆ ಬರುತ್ತವೆ. ಟಿವಿ ಮಾಡಿದ ಕೆಲಸ ಅದು. ಆದರೆ ನಮ್ಮ ಭಾಷೆಯಲ್ಲೇ ಒಂದು ಪದ ಇದೆ, ಗುಳೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮುಂಗಾರು ಕೈಕೊಟ್ಟರೆ, ಅಥವಾ ಸುಗ್ಗಿ ಮುಗಿದು ಕೈಯಲ್ಲಿ ಕೆಲಸ ಇಲ್ಲದಾಗ, ಗಂಟುಮೂಟೆ ಕಟ್ಟಿ ಬೆಂಗಳೂರಿಗೋ, ಮುಂಬೈಗೋ, ಗೋವಾಕ್ಕೋ ಹೋಗುತ್ತಾರೆ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ. ಅಜ್ಜ ಅಜ್ಜಿ, ಶಾಲೆ ಮಕ್ಕಳು ಊರಲ್ಲಿ ಉಳಿಯುತ್ತಾರೆ. ಬಿತ್ತನೆ ಹೊತ್ತಿಗೆ ವಾಪಸ್ ಬರುತ್ತಾರೆ. ಜಗತ್ತಿನ ಬಹುಪಾಲು ಹವಾಮಾನ ವಲಸೆ ಹೀಗೇ ಇರುತ್ತದೆ: ದೇಶದ ಒಳಗೆ, ಸ್ವಲ್ಪ ಕಾಲಕ್ಕೆ, ಗೊತ್ತಿದ್ದವರ ಹಿಂದೆ.

ಅಂಕಿಗಳನ್ನು ಓದುವಾಗ ಇದು ಬಹಳ ಮುಖ್ಯ. 2050ರ ಹೊತ್ತಿಗೆ 21.6 ಕೋಟಿ ಹವಾಮಾನ ವಲಸಿಗರು ಅನ್ನುವ ಸಂಖ್ಯೆ ನೀವು ಕೇಳಿರಬಹುದು. ಅದು ವಿಶ್ವಬ್ಯಾಂಕ್ 2021ರಲ್ಲಿ ಕೊಟ್ಟದ್ದು. ಆರು ಪ್ರದೇಶಗಳಿಗೆ ಸೇರಿಸಿ ಹಾಕಿದ ಲೆಕ್ಕದ ಮೇಲ್ಮಿತಿ ಅದು, ಮತ್ತು ಎಲ್ಲರೂ ತಮ್ಮ ತಮ್ಮ ದೇಶದೊಳಗೇ ಜಾಗ ಬದಲಿಸುವವರು. ಅದನ್ನೇ ಯುರೋಪಿನ ರಾಜಕಾರಣಿ ಒಬ್ಬ ಹೇಳಿದರೆ ಎಲ್ಲರೂ ತಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ ಅನ್ನಿಸುತ್ತದೆ. ಹಾಗೆಯೇ 2024ರಲ್ಲಿ ವಿಪತ್ತುಗಳಿಂದ ದೇಶದೊಳಗಿನ ಸ್ಥಳಾಂತರ 4.58 ಕೋಟಿ ಅಂತ ಲೆಕ್ಕ ಇದೆ. ಅದು ಎಷ್ಟು ಸಲ ಜನ ಜಾಗ ಬಿಟ್ಟರು ಅನ್ನುವ ಲೆಕ್ಕ, ತಲೆ ಎಣಿಕೆ ಅಲ್ಲ. ಚಂಡಮಾರುತಕ್ಕೆ ಮೂರು ದಿನ ಶಾಲೆಯಲ್ಲಿ ಮಲಗಿ ಮನೆಗೆ ಹೋದವರೂ ಅದರಲ್ಲಿ ಇದ್ದಾರೆ.

ಇನ್ನು ಹೋಗದೆ ಉಳಿದವರು. ಗುಳೆ ಹೋಗಲಿಕ್ಕೂ ಬಸ್ ಚಾರ್ಜು ಬೇಕು, ಮೈಯಲ್ಲಿ ಕಸುವು ಬೇಕು, ಪಟ್ಟಣದಲ್ಲಿ ಒಬ್ಬ ಪರಿಚಯದವನು ಬೇಕು. ಏನೂ ಇಲ್ಲದವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಬರ ಜೋರಾದರೆ ವಲಸೆ ಕಡಿಮೆ ಆಗುವುದೂ ಉಂಟು. ಹಾಗಾಗಿ ವಲಸೆ ಕಡಿಮೆ ಆಯಿತು ಅನ್ನುವ ಸುದ್ದಿ ಓದಿ ಖುಷಿಪಡುವ ಮುಂಚೆ ಒಂದು ಸಲ ಯೋಚಿಸಿ.

ನಿರಾಶ್ರಿತ ಅನ್ನುವ ಪದದ ಬಗ್ಗೆಯೂ ಒಂದು ಮಾತು. 1951ರ ನಿರಾಶ್ರಿತರ ಒಪ್ಪಂದದಲ್ಲಿ ಬರಕ್ಕೆ, ಪ್ರವಾಹಕ್ಕೆ ಜಾಗ ಇಲ್ಲ. ಪೆಸಿಫಿಕ್ ಸಾಗರದ ಕಿರಿಬಾಟಿ ದ್ವೀಪದ ಇಯೋನೆ ಟೆಯ್ಟಿಯೋಟಾ ಎಂಬಾತ ಸಮುದ್ರ ಏರುತ್ತಿದೆ ಅಂತ ನ್ಯೂಜಿಲೆಂಡ್‌ನಲ್ಲಿ ಆಶ್ರಯ ಕೇಳಿ ಸೋತ, 2015ರಲ್ಲಿ ಗಡೀಪಾರಾದ. ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಕೂಡ ಅವನ ಪರ ತೀರ್ಪು ಕೊಡಲಿಲ್ಲ. ಆದರೆ ಜೀವಕ್ಕೇ ಅಪಾಯ ಇರುವ ಜಾಗಕ್ಕೆ ಹೀಗೆ ವಾಪಸ್ ಕಳಿಸುವುದು ಮುಂದೆ ತಪ್ಪಾಗಬಹುದು ಅಂತ 2020ರಲ್ಲಿ ಹೇಳಿತು.

ಬಾಣದ ಮೇಲೆ ಹೆಸರು ಬರೆಯಿರಿ

ಇಲ್ಲಿ ನಿಧಾನ ಮಾಡಿ, ಯಾಕೆಂದರೆ ಈ ಕೆಲಸದ ಮುಕ್ಕಾಲು ಪಾಲು ಇರುವುದು ಇಲ್ಲೇ. ಸಿರಿಯಾ ಒಳ್ಳೆ ಅಭ್ಯಾಸ ಪಾಠ.

2006ರಿಂದ 2010ರವರೆಗೆ ಸಿರಿಯಾದ ಈಶಾನ್ಯದಲ್ಲಿ, ಅಂದರೆ ಗೋಧಿ ಬೆಳೆಯುವ ಹಸಕಾ ಕಡೆ, ಭಾರಿ ಬರ ಬಂತು. ಇಂಥ ಬರದ ಸಂಭವವನ್ನು ಮನುಷ್ಯರು ಬದಲಿಸಿದ ಹವಾಮಾನ ಎರಡು ಮೂರು ಪಟ್ಟು ಹೆಚ್ಚಿಸಿತ್ತು ಅಂತ ಅಮೆರಿಕದ ಒಂದು ಅಧ್ಯಯನ 2015ರಲ್ಲಿ ಹೇಳಿತು. 15 ಲಕ್ಷ ಜನ ಪಟ್ಟಣ ಸೇರಿದರು, 2011ರಲ್ಲಿ ದಂಗೆ ಆಯಿತು ಅನ್ನುವ ಕಥೆ ಅಲ್ಲಿಂದ ಗಟ್ಟಿಯಾಯಿತು. ಎರಡು ವರ್ಷ ಬಿಟ್ಟು ಸಂಶೋಧಕ ಯಾನ್ ಸೆಲ್ಬಿ ಮತ್ತು ಅವರ ಜೊತೆಗಾರರು ಮೂಲ ದಾಖಲೆ ಕೆದಕಿದರು. ಬರಕ್ಕೆ ಊರು ಬಿಟ್ಟವರು 40ರಿಂದ 60 ಸಾವಿರ ಕುಟುಂಬ ಇರಬಹುದು, 15 ಲಕ್ಷ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ ಅಂದರು.

ಈಗ ಮೊದಲ ಬಾಣ. ಬರ ಬಂದರೂ ಬೋರ್‌ವೆಲ್ ಇದ್ದವನು ಸ್ವಲ್ಪ ತಡೆದುಕೊಳ್ಳುತ್ತಾನೆ. ಸಿರಿಯಾದಲ್ಲಿ ಪಂಪುಗಳು ಓಡುತ್ತಿದ್ದದ್ದು ಡೀಸೆಲ್ ಮೇಲೆ. 2008ರ ಮೇ ತಿಂಗಳಲ್ಲಿ, ಬರದ ನಟ್ಟ ನಡುವೆ, ಸರ್ಕಾರ ಸಬ್ಸಿಡಿ ಕತ್ತರಿಸಿ ಡೀಸೆಲ್ ದರವನ್ನು ಒಂದೇ ಏಟಿಗೆ ಮೂರು ಪಟ್ಟಿಗಿಂತ ಜಾಸ್ತಿ ಮಾಡಿತು. ಮಾರನೇ ವರ್ಷ ಗೊಬ್ಬರದ ಸಬ್ಸಿಡಿಗೂ ಕತ್ತರಿ. ನಮ್ಮಲ್ಲಿ ಬರಗಾಲದ ವರ್ಷವೇ ಪಂಪ್‌ಸೆಟ್ಟಿನ ಉಚಿತ ಕರೆಂಟ್ ನಿಲ್ಲಿಸಿದರೆ ಏನಾಗುತ್ತದೆ ಅಂತ ಊಹಿಸಿಕೊಳ್ಳಿ, ಅಷ್ಟೇ. ಅಂತರ್ಜಲ ಕೂಡ ಅದಾಗಲೇ ಪಾತಾಳಕ್ಕೆ ಇಳಿದಿತ್ತು. ದಶಕಗಳ ಕಾಲ ಹತ್ತಿ, ಗೋಧಿ ಬೆಳೆಯಿರಿ, ನೀರು ಎತ್ತಿರಿ ಅಂತ ಹುರಿದುಂಬಿಸಿದ್ದು ಅದೇ ಸರ್ಕಾರ. ಹಾಗಾಗಿ ಆ ಬಾಣದ ಮೇಲೆ ಬರದ ಜೊತೆಗೆ ಡಮಾಸ್ಕಸ್‌ನ ಸಚಿವಾಲಯಗಳ ಹೆಸರೂ ಬರಬೇಕು.

ಎರಡನೇ ಬಾಣ ಇನ್ನೂ ಸಡಿಲ. ದಂಗೆ ಹೊತ್ತಿಕೊಂಡದ್ದು ದಕ್ಷಿಣದ ದರಾ ಪಟ್ಟಣದಲ್ಲಿ, ಬರದಲ್ಲಿ ಬೆಂದ ಹಸಕಾದಲ್ಲಿ ಅಲ್ಲ. ಗೋಡೆ ಮೇಲೆ ಸರ್ಕಾರದ ವಿರುದ್ಧ ಬರೆದರು ಅಂತ ಶಾಲಾ ಹುಡುಗರನ್ನು ಹಿಡಿದು ಹಿಂಸೆ ಕೊಟ್ಟರು. ಅಪ್ಪಂದಿರು, ನೆಂಟರು ಬೀದಿಗೆ ಬಂದರು. ಅವರ ಮೇಲೆ ಗುಂಡು ಹಾರಿಸಿದರು. ಜನ ಕೇಳಿದ್ದು ಮಕ್ಕಳನ್ನು ಬಿಡಿ, 1963ರಿಂದ ಇರುವ ತುರ್ತು ಕಾಯ್ದೆ ತೆಗೆಯಿರಿ ಅಂತ. ನೀರು ಕೊಡಿ ಅಂತ ಅಲ್ಲ. ಈಶಾನ್ಯದಿಂದ ಬಂದ ರೈತರು ಆ ಗುಂಪುಗಳನ್ನು ಮುನ್ನಡೆಸಿದರು ಅನ್ನುವುದಕ್ಕೂ ಸಾಕ್ಷಿ ತೀರಾ ಕಡಿಮೆ.

ಹವಾಮಾನದ ಮೇಲೆ ಹೊರೆ ಹಾಕಿದರೆ ಯಾರಿಗೆ ಲಾಭ? ಆಗ ಅಧಿಕಾರದಲ್ಲಿದ್ದ ಬಶರ್ ಅಲ್ ಅಸಾದ್ ಸರ್ಕಾರಕ್ಕೆ. ಬರ ಬಂತು, ನಾವೇನು ಮಾಡೋಣ ಅಂತ ಆ ಆಡಳಿತವೇ ಹೇಳಿಕೊಳ್ಳುತ್ತಿತ್ತು. ಯಾವ ವಿವರಣೆ ಯಾರನ್ನು ಬಚಾವ್ ಮಾಡುತ್ತದೆ ಅಂತ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಇಷ್ಟು ಓದಿ, ಹಾಗಾದರೆ ಹವಾಮಾನಕ್ಕೂ ಯುದ್ಧಕ್ಕೂ ಸಂಬಂಧವೇ ಇಲ್ಲ ಬಿಡಿ ಅಂದುಕೊಂಡರೆ ಅದೂ ತಪ್ಪು. 2019ರಲ್ಲಿ ಈ ವಿಷಯದ ತಜ್ಞರನ್ನು, ಪರಸ್ಪರ ಒಪ್ಪದವರನ್ನೂ ಸೇರಿಸಿ, ಒಟ್ಟಿಗೆ ಕೂರಿಸಿ ಅಂದಾಜು ಕೇಳಿದಾಗ, ಕಳೆದ ನೂರು ವರ್ಷದಲ್ಲಿ ದೇಶಗಳ ಒಳಗಿನ ಸಶಸ್ತ್ರ ಸಂಘರ್ಷದ ಅಪಾಯದಲ್ಲಿ ಶೇ. 3ರಿಂದ 20ರಷ್ಟಕ್ಕೆ ಹವಾಮಾನದ ಪ್ರಭಾವ ಇದೆ ಅಂತ ಬಂತು. ಬಿಸಿ ಏರಿದ ಹಾಗೆ ಆ ಪಾಲೂ ಏರುತ್ತದೆ ಅಂದರು. ಬಡತನ, ಕೆಟ್ಟ ಆಡಳಿತ, ಹಳೆಯ ಜಗಳ ಇವುಗಳ ಪಾಲು ಇದಕ್ಕಿಂತ ದೊಡ್ಡದು. ಆದರೆ ಶೇ. 20 ಅಂದರೆ ಸಣ್ಣದಲ್ಲ, ಅಲ್ವಾ?

ಅದೇ ಬರ, ಜಗಳ ಇಲ್ಲದ ಊರು ಹುಡುಕಿ

ಉತ್ತರ ಕೀನ್ಯಾದ ಮಾರ್ಸಾಬಿಟ್‌ನಲ್ಲಿ ದನ ಕಳವಿನ ದಾಳಿಗಳ ಲೆಕ್ಕ ತೆಗೆದವರಿಗೆ ಒಂದು ಆಶ್ಚರ್ಯ ಕಾದಿತ್ತು. ಬರದ ವರ್ಷಗಳಿಗಿಂತ ಮಳೆ ಚೆನ್ನಾದ ವರ್ಷಗಳಲ್ಲೇ ಜಾಸ್ತಿ ಜನ ಸತ್ತಿದ್ದರು. ಕಳ್ಳರ ಕಡೆಯಿಂದ ನೋಡಿ, ಅರ್ಥ ಆಗುತ್ತದೆ. ಮಳೆ ಬಂದರೆ ಹುಲ್ಲು ಎತ್ತರ, ಅಡಗಲು ಜಾಗ. ದನ ಗಟ್ಟಿಯಾಗಿರುತ್ತವೆ, ದೂರ ಹೊಡೆದುಕೊಂಡು ಹೋಗಬಹುದು. ಬರದಲ್ಲಿ ಇಬ್ಬರಿಗೂ ಒಂದೇ ಬಾವಿ, ಹೊಂದಿಕೊಳ್ಳಲೇಬೇಕು.

ಅಷ್ಟು ದೂರ ಯಾಕೆ, ಕಾವೇರಿ ಇದೆಯಲ್ಲ. 2016ರ ಸೆಪ್ಟೆಂಬರ್ 12ರಂದು ಬೆಂಗಳೂರು ಹೊತ್ತಿ ಉರಿಯಿತು. ಬಸ್ಸುಗಳು ಸುಟ್ಟವು, ಕರ್ಫ್ಯೂ ಬಂತು, ಪೊಲೀಸ್ ಗುಂಡಿಗೆ ಜೀವ ಹೋಯಿತು. ಮಳೆ ಕಡಿಮೆ ಇದ್ದದ್ದು ನಿಜ. 2023ಕ್ಕೆ ಬನ್ನಿ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ಕೆಆರ್‌ಎಸ್ ತುಂಬಲಿಲ್ಲ. ತಮಿಳುನಾಡಿಗೆ ನೀರು ಬಿಡಿ ಅಂತ ಆದೇಶವೂ ಬಂತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಬೆಂಕಿ ಮಾತ್ರ ಹತ್ತಲಿಲ್ಲ. ಏನು ಬದಲಾಗಿತ್ತು? 2016ರಲ್ಲಿ ಒಬ್ಬ ತಮಿಳು ಯುವಕನನ್ನು ಬೆಂಗಳೂರಿನಲ್ಲಿ ಹೊಡೆಯುವ ವಿಡಿಯೊ ಹರಿದಾಡಿ, ತಮಿಳುನಾಡಿನಲ್ಲಿ ಕನ್ನಡಿಗರ ಮೇಲೆ ಕೈ ಮಾಡಿ, ಆ ವಿಡಿಯೊ ಇಲ್ಲಿಗೆ ಬಂದು, ಹೀಗೆ ಎರಡೂ ಕಡೆ ಫೋನುಗಳೇ ಕಡ್ಡಿ ಗೀರಿದ್ದವು. 2018ರಲ್ಲಿ ಸುಪ್ರೀಂ ಕೋರ್ಟಿನ ಅಂತಿಮ ತೀರ್ಪು ಬಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಆಯಿತು. ನಮಗೆ ಅದರ ಆದೇಶ ಇಷ್ಟ ಆಗಲಿ ಬಿಡಲಿ, ಜಗಳ ಆಡಲಿಕ್ಕೆ ಒಂದು ಮೇಜು ಸಿಕ್ಕಿತು. 2023ರಲ್ಲಿ ಪೊಲೀಸರೂ ಮುಂಚೆಯೇ ರಸ್ತೆಗೆ ಇಳಿದಿದ್ದರು. ಇವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅನ್ನುವುದು ನನ್ನ ಅಂದಾಜು ಮಾತ್ರ. ಆದರೆ ಮಳೆಯೊಂದೇ ಕಾರಣ ಆಗಿದ್ದರೆ 2023ರಲ್ಲೂ ಬಸ್ಸು ಸುಡಬೇಕಿತ್ತು.

ಬಾಣ ತಿರುಗಿಸಿ ನೋಡಿ

ಜಗಳ ಮೊದಲು, ಹವಾಮಾನದ ಹೊಡೆತ ಆಮೇಲೆ. 2023ರ ಸೆಪ್ಟೆಂಬರ್‌ನಲ್ಲಿ ಡೇನಿಯಲ್ ಚಂಡಮಾರುತದ ಮಳೆಗೆ ಲಿಬಿಯಾದ ದೆರ್ನಾ ಪಟ್ಟಣದ ಮೇಲಿದ್ದ ಎರಡು ಅಣೆಕಟ್ಟು ಒಡೆದು ಸಾವಿರಾರು ಜನ ರಾತ್ರೋರಾತ್ರಿ ಕೊಚ್ಚಿಹೋದರು. 1970ರ ದಶಕದ ಅಣೆಕಟ್ಟುಗಳು. ವರ್ಷಗಟ್ಟಲೆ ಅಂತರ್ಯುದ್ಧ, ಎರಡು ಸರ್ಕಾರ, ರಿಪೇರಿ ಮಾಡಿಸುವವರು ಯಾರೂ ಇಲ್ಲ. ಯುದ್ಧ ನಡೆದ ದೇಶದಲ್ಲಿ ಅದೇ ಮಳೆ ಜಾಸ್ತಿ ಜನರನ್ನು ಕೊಲ್ಲುತ್ತದೆ. ನನ್ನ ಪ್ರಕಾರ ಈ ದಿಕ್ಕಿನ ಬಾಣವೇ ಜಾಸ್ತಿ ಗಟ್ಟಿ, ಆದರೆ ಇದರ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ.

ಈಗ ಅಸ್ಸಾಂಗೆ ವಾಪಸ್

ಕಲಿತದ್ದನ್ನು ಹಾಕಿ ನೋಡೋಣ. ಬ್ರಹ್ಮಪುತ್ರ ಮತ್ತು ಅದರ ಉಪನದಿಗಳು 1950ರಿಂದ ಈಚೆಗೆ 4.27 ಲಕ್ಷ ಹೆಕ್ಟೇರ್ ಭೂಮಿ ನುಂಗಿವೆ ಅಂತ ಅಸ್ಸಾಂ ಸರ್ಕಾರವೇ ಹೇಳುತ್ತದೆ. ಅದು ನಮ್ಮ ಕೊಡಗು ಜಿಲ್ಲೆಗಿಂತ ಸ್ವಲ್ಪ ಜಾಸ್ತಿ. ನದಿಯ ನಡುವಿನ ಮರಳು ದಿಬ್ಬಗಳಿಗೆ ಅಲ್ಲಿ ಚರ್ ಅನ್ನುತ್ತಾರೆ. ನಮ್ಮ ಕರಾವಳಿಯ ಕುದ್ರು ಥರ, ಆದರೆ ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ಚರ್ ಕರಗಿದರೆ ಅಲ್ಲಿನವರು ಇನ್ನೊಂದು ಚರ್‌ಗೋ, ಸರ್ಕಾರಿ ಜಾಗಕ್ಕೋ, ಗುವಾಹಟಿಗೋ, ಬೆಂಗಳೂರಿಗೋ ಹೊರಡುತ್ತಾರೆ.

ತಾರೀಖು ನೋಡಿದಿರಾ, 1950? ಆ ವರ್ಷ ಆಗಸ್ಟ್ 15ಕ್ಕೆ ಅಲ್ಲಿ 8.6 ತೀವ್ರತೆಯ ಭೂಕಂಪ ಆಯಿತು. ಗುಡ್ಡಗಳು ಕುಸಿದು ಹೂಳು ನದಿಗೆ ಬಂತು, ಪಾತ್ರ ಮೇಲೆದ್ದಿತು, ನದಿ ದಡ ಕೊರೆಯತೊಡಗಿತು. ಆಮೇಲೆ ಕಟ್ಟಿದ ಏರಿಗಳು ಕೆಲವು ಕಡೆ ಉಳಿಸಿದವು, ಕೆಲವು ಕಡೆ ನೀರನ್ನು ಪಕ್ಕದೂರಿಗೆ ನೂಕಿದವು. ಬಿಸಿಯೇರಿದ ವಾತಾವರಣದ ಜೋರು ಮಳೆ ಇದರ ಮೇಲೆ ಬಂದು ಕೂತಿದೆ. ಎರಡನೇ ಬಾಣದ ಮೇಲೆ ಏನು ಬರೆಯುತ್ತೀರಿ? ಒಂದೊಂದಾಗಿ ಹೇಳುವುದಾದರೆ ಬ್ರಿಟಿಷರ ಕಾಲದಲ್ಲೇ ಪೂರ್ವ ಬಂಗಾಳದಿಂದ ರೈತರನ್ನು ತಂದು ನೆಲೆಗೊಳಿಸಿದ್ದು, ಬೋಡೋಗಳ ಜಮೀನು ಕೈತಪ್ಪಿದ ಸಿಟ್ಟು, ಬೋಡೋ ಹೋರಾಟಗಾರರ ಜೊತೆ 2003ರಲ್ಲಿ ಆದ ಒಪ್ಪಂದದ ನಂತರವೂ ಪೂರ್ತಿ ವಾಪಸ್ ಬರದ ಬಂದೂಕುಗಳು, ಮತದಾರರ ಪಟ್ಟಿಯ ರಾಜಕೀಯ. ಬೋಡೋಗಳ ಭಯ ಸುಳ್ಳಲ್ಲ, ಚರ್ ಜನರ ಕಷ್ಟವೂ ಸುಳ್ಳಲ್ಲ. ಪ್ರವಾಹ ಅಂತ ಒಂದೇ ಪದ ಬರೆದರೆ ಎರಡೂ ಅಳಿಸಿಹೋಗುತ್ತವೆ.

ಬೆಂಗಳೂರಿನ ಬಾಣ ಇನ್ನೂ ವಿಚಿತ್ರ. 2020ರ ಜನವರಿಯಲ್ಲಿ ಬೆಳ್ಳಂದೂರು ಹತ್ತಿರದ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳು ಇದ್ದಾರೆ ಅನ್ನುವ ವಿಡಿಯೊ ಓಡಾಡಿತು. ಬೆನ್ನಿಗೇ ಶೆಡ್‌ಗಳನ್ನು ಕೆಡವಿದರು. ಆಧಾರ್, ವೋಟರ್ ಐಡಿ ಹಿಡಿದು ಬಯಲಲ್ಲಿ ನಿಂತವರಲ್ಲಿ ಅಸ್ಸಾಂ, ತ್ರಿಪುರಾದವರು ಇದ್ದರು. ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಇದ್ದರು. ವಿಷಯ ಹೈಕೋರ್ಟ್‌ವರೆಗೂ ಹೋಯಿತು.

ಇನ್ನು ರಾಯಚೂರು ಜಿಲ್ಲೆ. ಅಲ್ಲಿಂದ ಗುಳೆ ಹೋಗುವವರ ಬಗ್ಗೆ ಓದುತ್ತಲೇ ಇರುತ್ತೇವೆ. ಅದೇ ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರಾ ಕಾಲುವೆಯ ನೀರಿರುವ ಕಡೆ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಕ್ಯಾಂಪುಗಳಿವೆ. ಸರ್ಕಾರ ಜಾಗ ಕೊಟ್ಟಿತು, ಕಾಲುವೆ ನೀರು ಇತ್ತು. ದಶಕಗಳಿಂದ ಭತ್ತ ಬೆಳೆದುಕೊಂಡು ಇದ್ದಾರೆ. ಮೀನು ಮಾರುತ್ತಾರೆ, ದುರ್ಗಾ ಪೂಜೆ ಮಾಡುತ್ತಾರೆ, ಮಕ್ಕಳು ಕನ್ನಡ ಮಾತಾಡುತ್ತಾರೆ. ಹಾಳೆಯ ಮೇಲೆ ಇದನ್ನೂ ಒಂದು ಸಾಲು ಮಾಡಿ ಬರೆದುಕೊಳ್ಳಿ. ವಲಸೆ ಅನ್ನುವ ಕಡೆ ಗುರುತು ಹಾಕಿ, ಗಲಾಟೆ ಅನ್ನುವ ಕಡೆ ಖಾಲಿ ಬಿಡಿ.

ನಿಮ್ಮ ತಾಲ್ಲೂಕಿನ ಸಾಲು ಕೂಡ ಬರೆಯಬಹುದು. ಯಾವ ಯಾವ ವರ್ಷ ಬರ ಅಂತ ಘೋಷಣೆ ಆಯಿತು, ಆ ವರ್ಷ ಉದ್ಯೋಗ ಖಾತರಿ ಕೂಲಿ ಸರಿಯಾಗಿ ಸಿಕ್ಕಿತಾ, ಯಾರ ಮನೆಗೆ ಬೀಗ ಬಿತ್ತು, ಯಾರ ಮನೆಗೆ ಬೀಳಲಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಕಾಯುವುದಕ್ಕಿಂತ, ಗುಳೆ ಹೋಗಿ ಬಂದ ಇಬ್ಬರ ಹತ್ತಿರ ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಬೇಗ ಗೊತ್ತಾಗುತ್ತದೆ. ಮುಂಗಾರು ಬಿತ್ತನೆ ಹೊತ್ತಿಗೆ ಹೋಗಿ, ಆಗ ಊರಲ್ಲಿ ಸಿಗುತ್ತಾರೆ.